ಪಿಎಸ್5ರ ಲ್ಯಾನ್ ಕನೆಕ್ಷನ್ ನಾನು ಸರಿಮಾಡಿದ್ದು ಹೀಗೆ

ವೈಫೈ ಬಿಟ್ಟು ಲ್ಯಾನ್ ವೈರ್ ಹಾಕಿ, ಗೇಮ್ ಮಧ್ಯೆ ಕಟ್ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಆ ವೈರೇ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು ಅಂತ ಹೇಳುವವರು ಕಡಿಮೆ. ನಮ್ಮ ಮನೆಯಲ್ಲಿ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ, ಯಾರಿಗಾದರೂ ಉಪಯೋಗವಾಗಲಿ.

ನಮ್ಮದು ಶಿವಮೊಗ್ಗದಲ್ಲಿ ಮಹಡಿ ಮನೆ. ಫೈಬರ್ ಬಂದು ಸೇರುವುದು ಮೇಲಿನ ರೂಮಿಗೆ. ಟಿವಿ, ಪಿಎಸ್5 ಗೇಮ್ ಕನ್ಸೋಲ್ ಇರುವುದು ಕೆಳಗೆ ಹಾಲ್‌ನಲ್ಲಿ. ಕನೆಕ್ಷನ್ ಕೊಡಲು ಬಂದವರು ಮೇಲಿನ ಕಿಟಕಿ ಸಂದಿಯಿಂದ ಒಂದು ಲ್ಯಾನ್ ಕೇಬಲ್ ಇಳಿಸಿ, ಕೆಳಗಿನ ಕಿಟಕಿಯಿಂದ ಒಳಗೆ ತಂದು ಕೊಟ್ಟಿದ್ದರು. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಮಳೆಗಾಲ ಶುರುವಾದ ಮೇಲೆ ಮಗ ಫುಟ್‌ಬಾಲ್ ಆಡುತ್ತಾ ಕೂತಿದ್ದಾಗ ಇದ್ದಕ್ಕಿದ್ದಂತೆ ಲ್ಯಾನ್ ಕೇಬಲ್ ಹಾಕಿಲ್ಲ ಅಂತ ಸ್ಕ್ರೀನ್ ಮೇಲೆ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ. ಲೈನ್ ಇದ್ದಾಗಲೂ ಸ್ಪೀಡ್ 90ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ನಮ್ಮ ಪ್ಲಾನ್ 200 ಎಂಬಿಪಿಎಸ್. ಕಂಪನಿಗೆ ಫೋನ್ ಮಾಡಿದರೆ, "ಸಾರ್, ನಮ್ಮ ಕಡೆ ಲೈನ್ ಸರಿ ಇದೆ, ನಿಮ್ಮ ಗೇಮ್ ಬಾಕ್ಸ್ ಚೆಕ್ ಮಾಡಿಸಿ" ಅಂದರು.

ಇಂಥ ಹೊತ್ತಿಗೆ ಎಲ್ಲರೂ ಕೊಡುವ ಸಲಹೆ ಒಂದೇ. ಡಿಎನ್ಎಸ್ ಬದಲಾಯಿಸಿ, ಗೂಗಲ್‌ನವರ 8.8.8.8 ಹಾಕಿ ಅಂತ. ನನಗೆ ಈ ಸಲಹೆ ಕಂಡರೆ ಸಿಟ್ಟು ಬರುತ್ತದೆ. ಡಿಎನ್ಎಸ್ ಮಾಡುವ ಕೆಲಸ ಹೆಸರಿಗೆ ವಿಳಾಸ ಹುಡುಕಿ ಕೊಡುವುದು, ಅಷ್ಟೇ. ಕೇಬಲ್ಲೇ ಇಲ್ಲ ಅಂತ ಕನ್ಸೋಲ್ ಹೇಳುತ್ತಿರುವಾಗ ಅದನ್ನು ಬದಲಾಯಿಸಿ ಏನು ಬಂತು? ಹುಡುಕುವುದನ್ನು ವೈರಿನಿಂದ ಶುರುಮಾಡಬೇಕು. ಆಮೇಲೆ ರೂಟರ್, ಕೊನೆಗೆ ಹೊರಗಿನ ಲೈನ್.

ಪಿಎಸ್5ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋದರೆ ಟೆಸ್ಟ್ ಇಂಟರ್ನೆಟ್ ಕನೆಕ್ಷನ್ ಅಂತ ಇದೆ. ಅದು ಮೊದಲು ಐಪಿ ವಿಳಾಸ, ಅಂದರೆ ರೂಟರ್ ಕನ್ಸೋಲಿಗೆ ಕೊಡುವ ನಂಬರ್, ಸಿಕ್ಕಿತೇ ಅಂತ ನೋಡುತ್ತದೆ, ಆಮೇಲೆ ಇಂಟರ್ನೆಟ್, ಆಮೇಲೆ ಪ್ಲೇಸ್ಟೇಷನ್ ನೆಟ್‌ವರ್ಕ್. ಐಪಿಯಲ್ಲೇ ನಿಂತರೆ ತೊಂದರೆ ಮನೆಯೊಳಗೇ ಇದೆ, ಅಂದರೆ ವೈರ್ ಅಥವಾ ರೂಟರ್. ಐಪಿ ಸಿಕ್ಕಿ ಇಂಟರ್ನೆಟ್ ಫೇಲ್ ಆದರೆ ರೂಟರ್‌ನಿಂದ ಆಚೆಗೆ ನೋಡಬೇಕು. ನಮ್ಮದು ಐಪಿಯಲ್ಲೇ ನಿಲ್ಲುತ್ತಿತ್ತು.

ಕನ್ಸೋಲ್‌ದೇ ತಪ್ಪಾ ಅಂತ ತಿಳಿಯಲು ಅದೇ ವೈರನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ವಿಂಡೋಸ್‌ನಲ್ಲಿ ಈಥರ್ನೆಟ್ ಸೆಟ್ಟಿಂಗ್ಸ್ ತೆರೆದರೆ ಲಿಂಕ್ ಸ್ಪೀಡ್ ಕಾಣುತ್ತದೆ. ಅಂದರೆ ವೈರಿನ ಎರಡು ತುದಿಯ ಸಾಧನಗಳು ಒಪ್ಪಿಕೊಂಡ ವೇಗ. 1000 ಎಂಬಿಪಿಎಸ್ ಬರಬೇಕಿತ್ತು, 100 ತೋರಿಸಿತು. ಪಿಎಸ್5 ಪಾಪ, ಅದರದೇನೂ ತಪ್ಪಿರಲಿಲ್ಲ.

100 ಯಾಕೆ ಅಂತ ಸ್ವಲ್ಪ ಹೇಳಬೇಕು, ಇಲ್ಲೇ ಇರುವುದು ಗುಟ್ಟು. ಲ್ಯಾನ್ ಕೇಬಲ್ ಒಳಗೆ ಎಂಟು ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, 1, 2, 3, 6ನೇ ಪಿನ್‌ಗಳು. 1000ಕ್ಕೆ ನಾಲ್ಕೂ ಜೋಡಿ ಬೇಕೇ ಬೇಕು. ಆದರೆ ಎರಡು ಕಡೆಯ ಸಾಧನಗಳು ಎಷ್ಟು ಸ್ಪೀಡಿನಲ್ಲಿ ಮಾತಾಡೋಣ ಅಂತ ನಿರ್ಧಾರ ಮಾಡುವುದು ಮೊದಲ ಎರಡು ಜೋಡಿ ಮೇಲೆಯೇ. ಹಾಗಾಗಿ ಉಳಿದ ಜೋಡಿಯಲ್ಲಿ ಒಂದು ತಂತಿ ತುಂಡಾಗಿದ್ದರೂ ಎರಡೂ ಕಡೆಯವು 1000 ಅಂತ ಒಪ್ಪಿಕೊಂಡುಬಿಡುತ್ತವೆ, ಪ್ರಯತ್ನ ಮಾಡಿ ಸೋಲುತ್ತವೆ, ಲೈನ್ ಬೀಳುತ್ತದೆ, ಇಲ್ಲವೇ 100ಕ್ಕೆ ಇಳಿದು ಹೇಗೋ ನಡೆಯುತ್ತವೆ. 100ರ ಲಿಂಕಿನಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 94 ಅಷ್ಟೇ. ನಿಮ್ಮ ಪ್ಲಾನ್ ದೊಡ್ಡದಿದ್ದೂ ಸ್ಪೀಡ್ ಯಾವಾಗಲೂ 90ರ ಹತ್ತಿರ ನಿಲ್ಲುತ್ತಿದ್ದರೆ ಮೊದಲು ವೈರ್ ಮೇಲೆ ಅನುಮಾನ ಪಡಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಿಂದೆ ಕೊಂಡಿದ್ದ ಕೇಬಲ್ ಟೆಸ್ಟರ್ ಇತ್ತು. ಎರಡು ತುದಿಗೂ ಒಂದೊಂದು ಪೆಟ್ಟಿಗೆ ಹಾಕಿದರೆ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತಬೇಕು. ನಮ್ಮದರಲ್ಲಿ 7 ಹತ್ತಲೇ ಇಲ್ಲ. ಕೇಬಲ್ ಉದ್ದಕ್ಕೂ ಕೈ ಆಡಿಸಿಕೊಂಡು ಹೋದೆ. ಮೇಲಿನ ಕಿಟಕಿ ಚೌಕಟ್ಟಿನ ಹತ್ತಿರ ಅದು ಚಪ್ಪಟೆಯಾಗಿತ್ತು! ಬೇಸಿಗೆಯಲ್ಲಿ ಕಿಟಕಿ ತೆರೆದೇ ಇರುತ್ತದೆ, ಮಳೆ ಬಂದರೆ ಒತ್ತಿ ಚಿಲಕ ಹಾಕುತ್ತೇವೆ. ಒತ್ತಿದಾಗೆಲ್ಲ ಒಳಗಿನ ತಂತಿ ನುಗ್ಗಾಗಿ ಕೊನೆಗೆ ಒಂದು ಹೋಯಿತು. ಬ್ಲೇಡಿನಲ್ಲಿ ತಂತಿ ಕೆರೆದು ನೋಡಿದರೆ ಮೇಲೆ ಮಾತ್ರ ತಾಮ್ರ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಇಂಥದ್ದು ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ, ಅಂಗಡಿಯವರ ಎದುರೇ ಕೆರೆದು ನೋಡಿ, ಸಂಕೋಚ ಬೇಡ.

ಹೊಸ ಕೇಬಲ್ ತಂದೆ, ಕ್ಯಾಟ್6 ದರ್ಜೆಯದ್ದು. ಮನೆಗೆ ಅದಕ್ಕಿಂತ ಕೆಳಗಿನ ಕ್ಯಾಟ್5ಇ ಕೂಡ ಧಾರಾಳ ಸಾಕು, 100 ಮೀಟರ್‌ವರೆಗೆ 1000 ಎಂಬಿಪಿಎಸ್ ಹೊರುತ್ತದೆ. ಕಿಟಕಿಯಿಂದ ಮಾತ್ರ ಮತ್ತೆ ತರಬಾರದು ಅಂತಿತ್ತು. ಗೋಡೆಯೊಳಗೆ ಹಳೇ ಕೇಬಲ್ ಟಿವಿಯ ಪೈಪ್ ಇತ್ತು, ಡಿಶ್ ತೆಗೆಸಿದ ಮೇಲೆ ಆ ವೈರ್ ಸುಮ್ನೆ ಬಿದ್ದಿತ್ತು. ಅದರ ಮೇಲಿನ ತುದಿಗೆ ಹೊಸ ಕೇಬಲ್ಲನ್ನೂ ಒಂದು ನೈಲಾನ್ ದಾರವನ್ನೂ ಸೇರಿಸಿ, ದಪ್ಪ ಆಗದಂತೆ ಇನ್ಸುಲೇಷನ್ ಟೇಪ್ ಸುತ್ತಿದೆ. ಮೇಲಿಂದ ನಾನು ತಳ್ಳಿದೆ, ಕೆಳಗಿಂದ ಮಗ ಎಳೆದ. "ಅಪ್ಪಾ, ಬಿಗಿ ಆಯ್ತು" ಅಂದಾಗ ನಿಲ್ಲಿಸಿ, ಸ್ವಲ್ಪ ಹಿಂದೆ ಎಳೆದು ಮತ್ತೆ ಬಿಡುವುದು. ಜೋರಾಗಿ ಜಗ್ಗಿದರೆ ಹೆಣಿಗೆ ಹಾಳಾಗುತ್ತದೆ. ದಾರ ಈಗಲೂ ಪೈಪಿನೊಳಗೇ ಇದೆ, ಮುಂದೆ ಇನ್ನೊಂದು ಕೇಬಲ್ ಎಳೆಯಬೇಕಾದರೆ ಬೇಕಾಗುತ್ತದೆ. ತುದಿಯ ಪ್ಲಗ್ ಕ್ರಿಂಪ್ ಮಾಡುವುದು, ಅಂದರೆ ಇಕ್ಕಳದಲ್ಲಿ ಒತ್ತಿ ಕೂರಿಸುವುದು, ಎಳೆದ ಮೇಲೆ, ಮೊದಲೇ ಹಾಕಿದರೆ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣದ ಸಾಲು ಎರಡು ಕಡೆಯೂ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಲ್ಯಾಪ್‌ಟಾಪ್ 1000 ತೋರಿಸಿತು. ಪಿಎಸ್5ರಲ್ಲಿ 200 ಪೂರ್ತಿ ಬಂತು. 100 ಜಿಬಿ ಗೇಮ್ ಇಳಿಸಲು ಮೊದಲು ಎರಡೂಕಾಲು ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು, ಈಗ ಒಂದು ಗಂಟೆ ಚಿಲ್ಲರೆ.

ಆದರೂ ಗೆಳೆಯರ ಜೊತೆ ಪಾರ್ಟಿ ಚಾಟ್‌ನಲ್ಲಿ ಮಗನಿಗೆ ಕೆಲವರ ಧ್ವನಿ ಕೇಳುತ್ತಿರಲಿಲ್ಲ. ಟೆಸ್ಟ್‌ನಲ್ಲಿ ಎನ್ಎಟಿ ಟೈಪ್ 3 ಅಂತ ಬರುತ್ತಿತ್ತು. ಎನ್ಎಟಿ ಅಂದರೆ ರೂಟರ್ ಒಂದೇ ಐಪಿಯನ್ನು ಹಲವು ಸಾಧನಕ್ಕೆ ಹಂಚುವುದು; ಟೈಪ್ 3 ಅಂದರೆ ಹೊರಗಿನವರು ನಮ್ಮ ಕನ್ಸೋಲನ್ನು ನೇರವಾಗಿ ತಲುಪುವುದು ಕಷ್ಟ. ಇದು ವೈರಿನ ವಿಷಯವಲ್ಲ. ಕಂಪನಿಯ ಫೈಬರ್ ಪೆಟ್ಟಿಗೆಯೂ ರೂಟರ್ ಕೆಲಸ ಮಾಡುತ್ತಿತ್ತು, ಅದರ ಹಿಂದೆ ನಮ್ಮ ರೂಟರ್ ಕೂಡ ಅದೇ ಕೆಲಸ ಮಾಡುತ್ತಿತ್ತು. ನಮ್ಮ ರೂಟರನ್ನು ಐಪಿ ಹಂಚದೆ ಬರೀ ಲೈನ್ ಮುಂದಕ್ಕೆ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಫೈಬರ್ ಪೆಟ್ಟಿಗೆಯಲ್ಲಿ ಯುಪಿಎನ್‌ಪಿ ಆನ್ ಮಾಡಿದೆ (ಕನ್ಸೋಲ್ ತನಗೆ ಬೇಕಾದ ದಾರಿಯನ್ನು ರೂಟರಿನಲ್ಲಿ ತಾನೇ ತೆರೆಸಿಕೊಳ್ಳುವ ವ್ಯವಸ್ಥೆ). ಆಗಲೂ 3. ಪೆಟ್ಟಿಗೆಯ ಸ್ಟೇಟಸ್ ಪುಟದಲ್ಲಿ ಹೊರಗಿನ ಐಪಿ 100.72 ಅಂತ ಶುರುವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಕಂಪನಿಗಳು ಒಂದೇ ಐಪಿಯನ್ನು ಹಲವು ಮನೆಗೆ ಹಂಚಲು 2012ರಲ್ಲಿ ಮೀಸಲಿಟ್ಟವು. ಮನೆಯೊಳಗೆ ಏನು ಬದಲಾಯಿಸಿದರೂ ಇದು ಸರಿಹೋಗಲ್ಲ. ಬೇರೆ ಮನೆಗಳ ಜೊತೆ ಹಂಚಿಕೊಳ್ಳದ ಪಬ್ಲಿಕ್ ಐಪಿ ಕೊಡಿ ಅಂತ ಕಂಪನಿಯವರನ್ನು ಕೇಳಿದೆ, ಬೇರೆ ಹಣ ತೆಗೆದುಕೊಂಡು ಕೊಟ್ಟರು. ಈಗ ಟೈಪ್ 2. ಅಷ್ಟು ಸಾಕು, ಟೈಪ್ 1ರ ಹಿಂದೆ ಬೀಳುವ ಅಗತ್ಯ ಇಲ್ಲ. ಆನ್‌ಲೈನ್ ಆಡದವರು ಈ ದುಡ್ಡು ಕೊಡಬೇಕಿಲ್ಲ.

ಉಳಿದದ್ದು ಕರೆಂಟಿನ ಕಾಟ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಕೆಳಗಿನ ಹಾಲ್ ಇನ್ವರ್ಟರ್ ಮೇಲಿದೆ, ಮೇಲಿನ ರೂಮಿನ ಪ್ಲಗ್ ಇಲ್ಲ. ಹಾಗಾಗಿ ಕನ್ಸೋಲ್ ಓಡುತ್ತಲೇ ಇರುತ್ತಿತ್ತು, ರೂಟರ್ ಮಾತ್ರ ಸತ್ತು ಏಳುತ್ತಿತ್ತು. ಫೈಬರ್ ಪೆಟ್ಟಿಗೆಗೂ ರೂಟರಿಗೂ 12 ವೋಲ್ಟಿನ ಒಂದೊಂದು ಸಣ್ಣ ಯುಪಿಎಸ್ ಹಾಕಿದೆ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಯೇ ಕೊಳ್ಳಿ, ಎಲ್ಲ ಪೆಟ್ಟಿಗೆಯೂ 12 ವೋಲ್ಟಿನದ್ದೇ ಆಗಿರುವುದಿಲ್ಲ. ಗುಡುಗು ಸಿಡಿಲು ಜೋರಾದಾಗ ಮಾತ್ರ ಅಡಾಪ್ಟರ್‌ಗಳನ್ನೂ, ಪಿಎಸ್5ರ ಹಿಂದಿನ ಲ್ಯಾನ್ ವೈರನ್ನೂ ಕಿತ್ತಿಡುತ್ತೇವೆ. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಬರಲ್ಲ. ಅಡಾಪ್ಟರ್‌ನಿಂದ ಬಂದದ್ದು ತಾಮ್ರದ ವೈರ್ ಹಿಡಿದು ಕನ್ಸೋಲಿನ ಪೋರ್ಟ್‌ವರೆಗೆ ಹೋಗಬಹುದು, ಆ ಪೋರ್ಟ್ ಸುಟ್ಟರೆ ರಿಪೇರಿ ದುಬಾರಿ.