ಪೆಲೆಟ್‌ನ ವೇಗ ಅಳೆಯುವುದು ಹೇಗೆ?

ಏರ್ ರೈಫಲ್ ಇಟ್ಟುಕೊಂಡವರು ಪೆಲೆಟ್‌ನ ವೇಗ ತಿಳಿದಿರಬೇಕಾದದ್ದು ಗುರಿಯ ನಿಖರತೆಗಷ್ಟೇ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ಬಾಯಲ್ಲಿ ಶಕ್ತಿ 20 ಜೌಲ್ ಮೀರಿದರೆ ಅಥವಾ ಒಳವ್ಯಾಸ 4.5 ಮಿ.ಮೀ. ದಾಟಿದರೆ ಪರವಾನಗಿ ಬೇಕಾಗುತ್ತದೆ. ಈ ಶಕ್ತಿಯ ಲೆಕ್ಕಕ್ಕೆ ಬೇಕಾದ ವೇಗವನ್ನು ಕ್ರೋನೋಗ್ರಾಫ್ ಅಳೆದು ಕೊಡುತ್ತದೆ.

ಸಾಮಾನ್ಯ ಮಾದರಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಎರಡು ಸೆನ್ಸರ್‌ಗಳಿದ್ದು, ಪೆಲೆಟ್‌ನ ನೆರಳು ಒಂದನ್ನು ದಾಟಿ ಇನ್ನೊಂದನ್ನು ತಲುಪಲು ಹಿಡಿದ ಸಮಯದಿಂದ ವೇಗ ಸಿಗುತ್ತದೆ. ನಡುವಿನ ಅಂತರ 30 ಸೆಂ.ಮೀ., ವೇಗ ಸೆಕೆಂಡಿಗೆ 171 ಮೀಟರ್ ಎಂದಾದರೆ ಆ ಸಮಯ ಸೆಕೆಂಡಿನ 570ರಲ್ಲಿ ಒಂದು ಭಾಗ ಮಾತ್ರ. ಮಡಚುವ ಮಾದರಿಯನ್ನು ಪೂರ್ತಿ ಬಿಚ್ಚದೆ ಈ ಅಂತರ 3 ಮಿ.ಮೀ. ಕುಗ್ಗಿದರೂ ವೇಗ ಶೇ 1ರಷ್ಟು ಹೆಚ್ಚಾಗಿ ಕಾಣಿಸುತ್ತದೆ.

ಉಪಕರಣವನ್ನು ಟ್ರೈಪಾಡ್ ಮೇಲೆ, ನಳಿಗೆಯ ತುದಿಯಿಂದ ಸುಮಾರು ಒಂದು ಮೀಟರ್ ಮುಂದೆ, ಗುಂಡಿನ ದಾರಿಗೆ ನೇರವಾಗಿ ನಿಲ್ಲಿಸಿ. ಅದನ್ನು ಸರಿಪಡಿಸಲು ಮುಂದೆ ಹೋಗುವ ಪ್ರತಿ ಸಲವೂ ರೈಫಲ್ ಖಾಲಿಯಾಗಿ, ತೆರೆದೇ ಇರಬೇಕು. ಸ್ಕೋಪ್ ನಳಿಗೆಗಿಂತ ಎತ್ತರದಲ್ಲಿರುವುದರಿಂದ, ಕಣ್ಣಿಗೆ ದಾರಿ ತೆರವಾಗಿ ಕಂಡರೂ ಪೆಲೆಟ್ ಉಪಕರಣಕ್ಕೇ ಬಡಿಯಬಹುದು. ಆದ್ದರಿಂದ ಎತ್ತರವನ್ನು ನಳಿಗೆಯ ಮಟ್ಟದಿಂದಲೇ ನೋಡಿಕೊಳ್ಳಿ.

ನಿಜವಾದ ತಲೆನೋವು ಬೆಳಕಿನದು. ಶಿವಮೊಗ್ಗದ ಬೇಸಿಗೆಯ ಬಿಸಿಲು ಸೆನ್ಸರ್ ಮೇಲೆ ನೇರವಾಗಿ ಬಿದ್ದರೆ ಪೆಲೆಟ್ ದಾಖಲಾಗದೇ ಹೋಗುವುದುಂಟು. ಆಗ ಮೇಲಿನ ಬಿಳಿ ಹೊದಿಕೆಗಳನ್ನು ಹಾಕಲೇಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹೊಳವಾದಾಗ ಉಳಿಯುವ ಒಂದೇ ಸಮನಾದ ಮೋಡ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಜಿಟಿಜಿಟಿ ಮಳೆಯ ಹನಿಯಾಗಲಿ, ಸೆನ್ಸರ್ ಮೇಲೆ ಅಲುಗಾಡುವ ಅಡಿಕೆ ಸೋಗೆಯ ನೆರಳಾಗಲಿ ಸುಳ್ಳು ಅಂಕಿ ಕೊಡಬಲ್ಲದು. ಒಳಾಂಗಣದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಅಲ್ಲಿ ಉಪಕರಣದ್ದೇ ಇನ್‌ಫ್ರಾರೆಡ್ ದೀಪ ಬಳಸುವುದು ಲೇಸು.

ಹತ್ತು ಗುಂಡು ಹಾರಿಸಿ ಸರಾಸರಿ ತೆಗೆಯಿರಿ. ಒಂದೆರಡು ಅಂಕಿಗಳು ಮಾತ್ರ ಉಳಿದವುಗಳಿಂದ ತೀರಾ ದೂರವಿದ್ದರೆ ರೈಫಲ್ಲನ್ನು ದೂರುವ ಮೊದಲು ಬೆಳಕನ್ನು ಪರೀಕ್ಷಿಸಿ. ಸ್ಪ್ರಿಂಗ್ ರೈಫಲ್ಲಿಗೆ ಹೊಸದಾಗಿ ಎಣ್ಣೆ ಬಿಟ್ಟಿದ್ದರೆ, ಅದು ಒಳಗೆ ಹೊತ್ತಿಕೊಂಡು ಮೊದಲ ಕೆಲವು ಗುಂಡುಗಳ ವೇಗ ಏರಿರುತ್ತದೆ. ಅವನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕೊನೆಗೆ, ಕಿಲೋಗ್ರಾಂನಲ್ಲಿ ಬರೆದ ಪೆಲೆಟ್ ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಶಕ್ತಿ ಜೌಲ್‌ನಲ್ಲಿ ಸಿಗುತ್ತದೆ. 0.53 ಗ್ರಾಂ ಪೆಲೆಟ್ 172 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 7.8 ಜೌಲ್; ಅರ್ಧ ಗ್ರಾಂ ಪೆಲೆಟ್ 20 ಜೌಲ್ ಮುಟ್ಟಲು ಸುಮಾರು 283 ಮೀಟರ್ ವೇಗ ಬೇಕು. ಅಂಕಿಯ ಪಕ್ಕದಲ್ಲಿ ಪೆಲೆಟ್ ತೂಕವನ್ನೂ ಬರೆದಿಡಿ. ಡಬ್ಬಿ ಬದಲಾದರೆ ಅಳತೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.