ಬೆರಳಿಟ್ಟು ಸಿಳ್ಳೆ ಹೊಡೆಯುವುದು ಹೇಗೆ: ಎಡವಟ್ಟೆಲ್ಲ ನಾಲಿಗೆಯದ್ದೇ

ಬೆರಳಿಟ್ಟು ಸಿಳ್ಳೆ ಹೊಡೆಯಲು ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಬೆರಳು ಬಾಯಿಗೆ ತುರುಕುತ್ತಾರೆ, ಕೆನ್ನೆ ಉಬ್ಬಿಸುತ್ತಾರೆ, ಮುಖ ಕೆಂಪಾಗುವವರೆಗೆ ಊದುತ್ತಾರೆ. ಬರುವುದು ಬರೀ ಉಸ್, ಜೊತೆಗೆ ಒಂದಿಷ್ಟು ಎಂಜಲು. ಆಮೇಲೆ ‘ನನ್ನ ಹಲ್ಲೇ ಸರಿ ಇಲ್ಲ’ ಎಂದು ಕೈಬಿಡುತ್ತಾರೆ. ಪಾಪ, ಹಲ್ಲು ಏನು ಮಾಡಿತು?

ಮೊದಲು ಪದ ಬಿಡಿಸಿಕೊಳ್ಳೋಣ. ವಿಷಲ್ ಎಂದರೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಇರುತ್ತದೆ. ಬಾಯಲ್ಲಿ ಬರುವುದು ಸಿಳ್ಳೆ, ಅದನ್ನು ಹೊಡೆಯುತ್ತೇವೆ ಇಲ್ಲವೇ ಹಾಕುತ್ತೇವೆ. ಕೊರಳಿಗೆ ನೇತು ಹಾಕಿಕೊಳ್ಳುವುದು ವಿಷಲ್ ಅಥವಾ ಸೀಟಿ, ಅದನ್ನು ಊದುತ್ತೇವೆ. ಕುಕ್ಕರಿನ ತಲೆ ಮೇಲೆ ಕೂರುವುದೂ ವಿಷಲ್ಲೇ, ಆದರೆ ಅದು ಕೂಗುತ್ತದೆ. ‘ಎಷ್ಟು ಕೂಗು ಆಯ್ತು?’ ಎಂದೇ ಕೇಳುತ್ತೇವೆ, ಅಲ್ವಾ? ಸೀಟಿಯೊಳಗೆ ಗಾಳಿ ಕಿರಿದಾದ ಸಂದಿಯಿಂದ ನುಗ್ಗಿ ಒಂದು ಚೂಪು ಅಂಚಿಗೆ ಬಡಿಯುತ್ತದೆ, ಅಲ್ಲಿ ಸದ್ದು ಹುಟ್ಟುತ್ತದೆ. ಬೆರಳಿನ ಸಿಳ್ಳೆಗೆ ಆ ಸಂದಿ, ಆ ಅಂಚು ಎರಡನ್ನೂ ತುಟಿ ನಾಲಿಗೆಯಿಂದ ನಾವೇ ಕಟ್ಟಿಕೊಳ್ಳಬೇಕು.

ಹಂತ 1. ಕೈ ತೊಳೆಯಿರಿ, ತುಟಿ ಒದ್ದೆ ಮಾಡಿಕೊಳ್ಳಿ. ಲಿಪ್ ಬಾಮ್ ಹಚ್ಚಿದ್ದರೆ ಒರೆಸಿ, ಜಾರುತ್ತದೆ.

ಹಂತ 2. ಎರಡೂ ತುಟಿಗಳನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಿ. ಹಲ್ಲಿಲ್ಲದ ಅಜ್ಜಿಯ ಬಾಯಿ ಹಾಗೆ ಕಾಣಬೇಕು. ನಾಚಿಕೆಯಾದರೆ ಬಾಗಿಲು ಹಾಕಿಕೊಳ್ಳಿ.

ಹಂತ 3. ಬೆರಳು. ಯಾವ ಬೆರಳಾದರೂ ಆಗುತ್ತದೆ ಎನ್ನುತ್ತಾರೆ, ಹೌದು, ಆದರೆ ಕಲಿಯುವಾಗ ಎರಡೂ ಕೈಯ ನಡುಬೆರಳನ್ನೇ ಬಳಸಿ. ಉದ್ದ ಇರುವುದರಿಂದ ನಾಲಿಗೆಗೆ ಸಲೀಸಾಗಿ ಎಟುಕುತ್ತವೆ. ತುದಿಗಳನ್ನು ಗುಡಾರದ ಹಾಗೆ ಸೇರಿಸಿ. ಒಂದೇ ಕೈಯ ಹೆಬ್ಬೆರಳು, ತೋರುಬೆರಳಿನ ಉಂಗುರ ನೋಡಲು ಜೋರಾಗಿರುತ್ತದೆ, ಅದನ್ನು ಆಮೇಲೆ ಮಾಡಿ.

ಹಂತ 4. ಎಲ್ಲರೂ ಬೀಳುವುದು ಇಲ್ಲೇ. ನಾಲಿಗೆಯ ತುದಿಯನ್ನು ಮೇಲಕ್ಕೆತ್ತಿ. ಬೆರಳ ತುದಿಗಳಿಂದ ಅದನ್ನು ಹಿಂದಕ್ಕೆ ತಳ್ಳಿ, ಮುಂಭಾಗ ತನ್ನ ಮೇಲೇ ಮಡಚಿಕೊಳ್ಳಬೇಕು, ಕಾಗದದ ಮೂಲೆ ಮಡಚಿದ ಹಾಗೆ. ಬೆರಳು ಮೊದಲ ಗೆಣ್ಣಿನವರೆಗೆ ಒಳಗೆ ಹೋದರೆ ಸಾಕು. ಹೆಚ್ಚಿನವರು ನಾಲಿಗೆಯನ್ನು ಮಡಚುವುದಿಲ್ಲ, ಸುಮ್ನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಗ ಗಾಳಿ ಇಡೀ ಬಾಯಿಗೆ ಹರಡಿ ಹೋಗುತ್ತದೆ. ಮಡಚಿದ ಮೇಲೆ ನಾಲಿಗೆ ಸಡಿಲ ಆಗಬಾರದು, ಅದು ಮುಂದಕ್ಕೆ ಬರಲು ನೋಡುತ್ತಿರಬೇಕು, ಬೆರಳು ಬಿಡಬಾರದು. ಇನ್ನು ಬಾಯಿ ಮುಚ್ಚಿ. ಬೆರಳುಗಳ ನಡುವಿನ ಸಂದಿ ಬಿಟ್ಟು ಬೇರೆಲ್ಲೂ ಗಾಳಿ ಸೋರಬಾರದು, ಮುಖ್ಯವಾಗಿ ಬಾಯಿಯ ಮೂಲೆಗಳಲ್ಲಿ. ಕನ್ನಡಿ ಮುಂದೆ ನಿಂತರೆ ತೂತು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಹಂತ 5. ಮೆತ್ತಗೆ ಊದಿ. ಗಾಳಿ ಮುಂದಕ್ಕೆ ಹೋಗಬಾರದು, ಕೆಳತುಟಿಯ ಮೇಲೆ ಹಾದು ಗದ್ದಕ್ಕೆ ತಗುಲಬೇಕು. ಗದ್ದ ತಣ್ಣಗಾಗದಿದ್ದರೆ ಬೆರಳನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುತ್ತಾ ಹುಡುಕಿ. ಮೊದಲು ಖಾಲಿ ಬಾಟಲಿಯ ಬಾಯಿಗೆ ಊದಿದಂಥ ದಪ್ಪ ಸದ್ದು ಬರುತ್ತದೆ. ಅದು ಬಂತೆಂದರೆ ಜಾಗ ಸಿಕ್ಕಿತು, ಬೆರಳು ತೆಗೆಯದೆ ಅಲ್ಲೇ ಹತ್ತು ಸಲ ಊದಿ. ತೆಗೆದರೆ ಮತ್ತೆ ಮೊದಲಿನಿಂದ ಹುಡುಕಾಟ. ಜೋರು ಆಮೇಲೆ ತಾನಾಗಿ ಬರುತ್ತದೆ. ತಲೆ ಸುತ್ತಿದರೆ ನಿಲ್ಲಿಸಿ, ಉಸಿರು ಜಾಸ್ತಿ ಬಿಟ್ಟಿದ್ದೀರಿ ಎಂದರ್ಥ.

ಸ್ವರ ಏರಿಸಿ ಇಳಿಸುವುದಕ್ಕೂ ನಾಲಿಗೆಯೇ. ಬಾಯೊಳಗಿನ ಜಾಗ ಕಿರಿದಾದಷ್ಟೂ ಸ್ವರ ಏರುತ್ತದೆ. ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳಲ್ಲಿ ಲಾ ಗೊಮೆರಾ ಎಂಬುದೊಂದಿದೆ. ಅಲ್ಲಿನವರು ಕಣಿವೆಯ ಆಚೆಗಿರುವವರ ಜೊತೆ ಇಡೀ ಮಾತನ್ನೇ ಸಿಳ್ಳೆಯಲ್ಲಿ ಆಡುತ್ತಾರೆ. 2009ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೆ ಒಂದು ಸ್ವರ ಬಂದರೆ ಅದೇ ದೊಡ್ಡದು.

ಅಡ್ಡದಾರಿ ಕೇಳುತ್ತೀರಾ? ವಿಷಲ್ ಕೊಂಡುಕೊಳ್ಳಿ. ಆದರೆ ಒಳಗೆ ಗುಂಡು ಇರುವ ಅಗ್ಗದ ಪ್ಲಾಸ್ಟಿಕ್ ವಿಷಲ್ ಬೇಡವೇ ಬೇಡ. ಎಂಜಲಿಗೋ ದೂಳಿಗೋ ಗುಂಡು ಅಂಟಿಕೊಂಡರೆ ಮುಗಿಯಿತು. ಗುಂಡಿನ ವಿಷಲ್ ಹಳೆಯದು, ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ 1884ರಲ್ಲಿ ಮಾಡಿದ ‘ಥಂಡರರ್’ ಇಂದಿಗೂ ಊದುವವರಿದ್ದಾರೆ. ಗುಂಡು ಸಿಕ್ಕಿಕೊಳ್ಳುವ ಕಾಟಕ್ಕೆ ಬೇಸತ್ತ ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಗುಂಡೇ ಇಲ್ಲದ ‘ಫಾಕ್ಸ್ 40’ ತಂದರು. ನನ್ನ ಓಟು ಗುಂಡಿಲ್ಲದ್ದಕ್ಕೇ.

ಬೆರಳಿನ ಸಿಳ್ಳೆ ಚೆನ್ನಾಗಿ ಬಂದರೂ ಬೆಟ್ಟ ಕಾಡಿಗೆ ಹೋಗುವಾಗ ವಿಷಲ್ ಇರಲಿ. ಹೆದರಿಕೆಗೆ ಬಾಯಿ ಒಣಗಿದರೆ, ಕೈಗೆ ಪೆಟ್ಟಾದರೆ ಸಿಳ್ಳೆ ಬರುವುದಿಲ್ಲ. ಸಿಕ್ಕಾಪಟ್ಟೆ ಊದಿದರೆ ಯಾರೋ ಮಜಾ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಸಹಾಯಕ್ಕೆ ಕರೆಯಲು ಆಲ್ಪ್ಸ್ ಬೆಟ್ಟಗಳ ಪದ್ಧತಿ ಹೀಗಿದೆ: ಒಂದು ನಿಮಿಷದಲ್ಲಿ 6 ಸಲ ಊದಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ 6. ನಿಮಿಷಕ್ಕೆ 3 ಸಲ ಊದಿದ ಸದ್ದು ಕೇಳಿದರೆ ಅದು ನಿಮ್ಮ ಕರೆಗೆ ಬಂದ ಉತ್ತರ. ಹಾಗೆಂದು ವಿಷಲ್ಲನ್ನು ಚೀಲದ ತಳದಲ್ಲಿ ಇಡಬೇಡಿ, ಭುಜದ ಪಟ್ಟಿಗೆ ಕಟ್ಟಿ, ಕೈ ಬಳಸದೆ ಬಾಯಿಗೆ ಎಟುಕುವ ಹಾಗೆ.