ಇಂಗ್ಲೆಂಡಿಗೆ ಹೊರಟ ಮಲೆನಾಡಿನ ಮಕ್ಕಳಿಗೆ: ಕಡಿಮೆ ಖರ್ಚಿನ ಬಿಸಿ ಟ್ಯೂನಾ ಚೀಸ್ ಸ್ಯಾಂಡ್‌ವಿಚ್

ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಒಂದಷ್ಟು ಮಕ್ಕಳು ಓದಲು ಇಂಗ್ಲೆಂಡಿಗೆ ಬರುತ್ತಾರೆ. ನಾನು ಲೀಡ್ಸ್‌ನಲ್ಲಿ ನೆಲೆಸಿ ಬಹಳ ಕಾಲವಾಯಿತು. ಮಳೆಗಾಲದಲ್ಲಿ ರಜೆ ಹಾಕಿ ತೀರ್ಥಹಳ್ಳಿಗೆ ಬಂದರೆ ಹೊರಡುವ ಮಕ್ಕಳ ಅಪ್ಪ ಅಮ್ಮ ಸಿಗುತ್ತಾರೆ, ವೀಸಾ, ಫೀಸು ಎಲ್ಲ ಅವರೇ ನೋಡಿಕೊಂಡಿರುತ್ತಾರೆ, ಕೇಳುವುದು ಮಾತ್ರ ಹೊಟ್ಟೆಯ ವಿಷಯ. ಅನ್ನ, ಸಾರು, ಚಿತ್ರಾನ್ನ ಕಲಿಸಿರುತ್ತಾರೆ. ಕುಕ್ಕರ್ ಸೂಟ್‌ಕೇಸಿಗೆ ಸೇರಿರುತ್ತದೆ. ಅದೆಲ್ಲ ಸರಿ, ಬೇಕು. ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ, ಕ್ಲಾಸು ಮುಗಿಸಿ ಪಾರ್ಟ್‌ಟೈಮ್ ಕೆಲಸವನ್ನೂ ಮುಗಿಸಿ ಒದ್ದೆ ಜಾಕೆಟ್ಟಿನಲ್ಲಿ ಮನೆಗೆ ಬಂದಾಗ, ಅಕ್ಕಿ ತೊಳೆದು ಕುಕ್ಕರ್ ಕೂಗುವ ತನಕ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಆಗ ಏನಾಗುತ್ತದೆ ಅಂದರೆ, ಅಂಗಡಿಯ ಫ್ರಿಜ್ಜಿನಿಂದ ಮೂರು ಮೂಲೆಯ ತಣ್ಣನೆ ಸ್ಯಾಂಡ್‌ವಿಚ್ ತಂದು ತಿನ್ನುತ್ತಾರೆ. ನಮ್ಮ ನಾಲಿಗೆಗೆ ಅದು ಇಳಿಯುವುದಿಲ್ಲ. ಅರ್ಧ ತಿಂದು ಬಿಟ್ಟು, ಮತ್ತೆ ಫೋನಿನಲ್ಲಿ ಬಿಸಿ ಊಟ ತರಿಸುತ್ತಾರೆ. ತಿಂಗಳ ಕೊನೆಗೆ ಬಾಡಿಗೆ ಕಟ್ಟಲು ಒದ್ದಾಟ. ಇದನ್ನು ನಾನು ಕಣ್ಣಾರೆ ನೋಡುತ್ತಾ ಬಂದಿದ್ದೇನೆ, ಬೇಜಾರಾಗುತ್ತದೆ. ಅದಕ್ಕೇ ನನ್ನ ಮಾತು ಇಷ್ಟೆ: ಹದಿನೈದು ನಿಮಿಷದಲ್ಲಿ ಆಗುವ, ಹೊಟ್ಟೆ ತುಂಬುವ, ಬಿಸಿಯಾದ ಒಂದು ತಿಂಡಿ ಕೈಗೆ ಕಲಿತಿರಲಿ. ಮೀನು ತಿನ್ನುವವರಿಗೆ ಅದು ಟ್ಯೂನಾ ಚೀಸ್ ಸ್ಯಾಂಡ್‌ವಿಚ್. ಅಲ್ಲಿನ ಕೆಫೆಗಳಲ್ಲಿ ಇದನ್ನೇ ಟ್ಯೂನಾ ಮೆಲ್ಟ್ ಅಂತ ಮಾರುತ್ತಾರೆ. ಮನೆಯಲ್ಲಿ ಮಾಡಿದರೆ ಒಂದಕ್ಕೆ ಒಂದು ಪೌಂಡ್ ಆಸುಪಾಸಿನಲ್ಲೇ ಮುಗಿಯುತ್ತದೆ.

ಟ್ಯೂನಾ ಅಂದರೆ ಏನೋ ಪರದೇಶದ ಮೀನು ಅಂತ ಹಿಂಜರಿಯಬೇಡಿ. ಅದು ಬಂಗುಡೆಯ ಬಳಗದ್ದೇ ಮೀನು. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ನಮ್ಮವರೇ ಗಾಳ ಹಾಕಿ ಹಿಡಿಯುತ್ತಾರೆ. ಇಂಗ್ಲೆಂಡಿನ ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಎಷ್ಟೋ ಸೇಶೆಲ್ಸ್, ಮಾರಿಷಸ್ ಕಡೆಯಿಂದ ಬಂದಿರುತ್ತವೆ. ಡಬ್ಬಿಯ ಮೀನು ಮೊದಲೇ ಬೆಂದಿರುತ್ತದೆ, ಮುಳ್ಳು ಚರ್ಮ ಎಲ್ಲ ತೆಗೆದಿರುತ್ತಾರೆ. ತೊಳೆಯುವುದು, ಕತ್ತರಿಸುವುದು ಏನೂ ಇಲ್ಲ.

ಅಂಗಡಿಯಲ್ಲಿ ಕಪಾಟಿನ ತುಂಬ ಡಬ್ಬಿ ಇರುತ್ತದೆ. ದೊಡ್ಡ ಹೆಸರಿನ ಕಂಪನಿಯದ್ದು ಬೇಡ. ಆಲ್ಡಿ, ಲಿಡ್ಲ್, ಟೆಸ್ಕೊ, ಆಸ್ಡಾ ಯಾವುದೇ ಇರಲಿ, ಅಂಗಡಿಯವರದ್ದೇ ಹೆಸರಿನ ಡಬ್ಬಿ ತೆಗೆದುಕೊಳ್ಳಿ. ಸ್ಯಾಂಡ್‌ವಿಚ್ಚಿಗೆ ಅದರಲ್ಲಿ ಏನೂ ಕಡಿಮೆ ಇಲ್ಲ. ಬಹಳಷ್ಟು ಡಬ್ಬಿಗಳ ಮೇಲೆ 145 ಗ್ರಾಂ ಅಂತ ಬರೆದಿರುತ್ತದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನೀರು ಬಸಿದ ಮೇಲಿನ ತೂಕ 102 ಗ್ರಾಂ ಅಂತ ಇರುತ್ತದೆ. ನೋಡಬೇಕಾದ್ದು ಈ ಎರಡನೆಯದನ್ನು. ಅಷ್ಟು ಮೀನಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ, ಎರಡು ಸ್ಯಾಂಡ್‌ವಿಚ್ ಆಗುತ್ತದೆ. ಬೆಲೆ ಹೋಲಿಸುವಾಗ ದೊಡ್ಡ ಅಕ್ಷರದ ಬೆಲೆ ನೋಡಬೇಡಿ, ಕಪಾಟಿನ ಚೀಟಿಯಲ್ಲಿ ಕೆಳಗೆ ಚಿಕ್ಕದಾಗಿ ಕಿಲೋಗೆ ಎಷ್ಟು ಅಂತ ಹಾಕಿರುತ್ತಾರಲ್ಲ, ಅದನ್ನು ನೋಡಿ. ನಾಲ್ಕು ಡಬ್ಬಿಯ ಕಟ್ಟು ಬಹಳ ಸಲ ಅಗ್ಗ. ಯಾವಾಗಲೂ ಅಲ್ಲ.

ಡಬ್ಬಿಯಲ್ಲಿ ಮೂರು ಬಗೆ: ಬ್ರೈನ್ ಅಂದರೆ ಉಪ್ಪುನೀರಿನದ್ದು, ಸ್ಪ್ರಿಂಗ್ ವಾಟರ್ ಅಂದರೆ ಬರೀ ನೀರಿನದ್ದು, ಇನ್ನೊಂದು ಸೂರ್ಯಕಾಂತಿ ಎಣ್ಣೆಯದ್ದು. ನಾನು ಬರೀ ನೀರಿನದ್ದನ್ನೇ ಹೇಳುತ್ತೇನೆ, ಚೀಸಿನಲ್ಲಿ ಬೇಕಾದಷ್ಟು ಉಪ್ಪು ಇರುತ್ತದೆ. ಉಪ್ಪುನೀರಿನದ್ದೇ ಸಿಕ್ಕಿದರೆ ಮೇಲೆ ಒಂದು ಕಾಳು ಉಪ್ಪೂ ಹಾಕಬೇಡಿ.

ಚೀಸ್ ವಿಷಯಕ್ಕೆ ಬರೋಣ. ತುರಿದ ಚೀಸಿನ ಪ್ಯಾಕೆಟ್ ಕೈಗೆ ಸುಲಭ, ಆದರೆ ಅಂಟದಿರಲಿ ಅಂತ ಅದಕ್ಕೆ ಆಲೂಗಡ್ಡೆ ಪಿಷ್ಟ ಸವರಿರುತ್ತಾರೆ, ಕರಗಿದಾಗ ಅಷ್ಟು ನುಣ್ಣಗೆ ಆಗುವುದಿಲ್ಲ, ಕಿಲೋ ಲೆಕ್ಕದಲ್ಲಿ ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಗಟ್ಟಿ ತುಂಡು ತನ್ನಿ, ನೀವೇ ತುರಿಯಿರಿ. ಚೆಡ್ಡರ್ ಸಾಕು. ಅದರಲ್ಲಿ ಮೈಲ್ಡ್ ಬಿಟ್ಟು ಮೆಚೂರ್ ಅಂತ ಬರೆದದ್ದು ತೆಗೆದುಕೊಳ್ಳಿ, ಘಾಟು ಜಾಸ್ತಿ ಇರುವುದರಿಂದ ಸ್ವಲ್ಪ ಹಾಕಿದರೂ ರುಚಿ ಬರುತ್ತದೆ. ಒಂದು ಸ್ಯಾಂಡ್‌ವಿಚ್ಚಿಗೆ 30 ಗ್ರಾಂ ಧಾರಾಳ ಆಯಿತು. 400 ಗ್ರಾಂ ತುಂಡು ತಂದರೆ ಎಷ್ಟು ದಿನ ಬರುತ್ತದೆ ನೀವೇ ಲೆಕ್ಕ ಹಾಕಿ. ಬ್ರೆಡ್ಡು 800 ಗ್ರಾಂ ದೊಡ್ಡದೇ ತನ್ನಿ. ಒಬ್ಬರೇ ಇದ್ದರೆ ಬೂಸ್ಟು ಬರುವ ಮೊದಲು ಮುಗಿಯುವುದಿಲ್ಲ ನಿಜ, ಅದಕ್ಕೆ ಅರ್ಧ ಭಾಗ ಅದೇ ದಿನ ಫ್ರೀಜರ್‌ಗೆ ಹಾಕಿಬಿಡಿ. ಬೇಕಾದಾಗ ಎರಡು ಹೋಳು ಎಬ್ಬಿಸಿ ತೆಗೆದರೆ ಕಾವಲಿ ಕಾಯುವಷ್ಟರಲ್ಲಿ ಮೆತ್ತಗಾಗುತ್ತದೆ. ಸಂಜೆ ಅಂಗಡಿಗೆ ಹೋದರೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿದ ಬ್ರೆಡ್ಡು ಸಿಗುತ್ತದೆ, ಸುಡುವ ಸ್ಯಾಂಡ್‌ವಿಚ್ಚಿಗೆ ಒಂದು ದಿನದ ಹಳೆಯ ಬ್ರೆಡ್ಡೇ ಒಳ್ಳೆಯದು.

ಈಗ ಮುಖ್ಯವಾದ ಕೆಲಸ. ನೀರು ತೆಗೆಯುವುದು. ಇಡೀ ಸ್ಯಾಂಡ್‌ವಿಚ್ ನಿಂತಿರುವುದು ಇದರ ಮೇಲೆ, ಇಲ್ಲಿ ಅವಸರ ಮಾಡಬೇಡಿ. ಮುಚ್ಚಳ ಪೂರ್ತಿ ತೆಗೆಯದೆ ಮುಕ್ಕಾಲು ಬಿಚ್ಚಿ ಒಳಕ್ಕೆ ಒತ್ತಿ ಸಿಂಕಿನ ಮೇಲೆ ಬಗ್ಗಿಸಿ. ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಬೆರಳು ಜೋಪಾನ. ಆಮೇಲೆ ಮೀನನ್ನು ಟೀ ಸೋಸುವ ಜರಡಿಗೆ ಹಾಕಿ ಚಮಚದಿಂದ ಒತ್ತಿ. ನೀರು ನಿಂತಿತು ಅನ್ನಿಸಿದ ಮೇಲೂ ಇನ್ನೊಂದು ಸಲ ಒತ್ತಿ. ಕಾಯಿತುರಿ ರುಬ್ಬಿ ಹಾಲು ಹಿಂಡಿದ ಮೇಲೆ ಉಳಿಯುವ ಚರಟದ ಹಾಗೆ ಉದುರುದುರಾಗಿ ಇರಬೇಕು. ನೀರು ಉಳಿದರೆ ಬ್ರೆಡ್ಡು ಒಳಗಿನಿಂದ ನೆನೆದು ಮುದ್ದೆಯಾಗುತ್ತದೆ, ಹೊರಗೆ ಎಷ್ಟು ಕೆಂಪಗೆ ಮಾಡಿದರೂ ತಿನ್ನುವಾಗ ಹಸಿಹಸಿ ಅನ್ನಿಸುತ್ತದೆ, ಮೀನಿನ ವಾಸನೆಯೂ ಜಾಸ್ತಿ. ಟ್ಯೂನಾ ಇಷ್ಟ ಆಗಲಿಲ್ಲ ಅನ್ನುವವರಲ್ಲಿ ಬಹಳ ಜನ ಸರಿಯಾಗಿ ಹಿಂಡದೆ ತಿಂದವರು, ಇದು ನನ್ನ ಗಟ್ಟಿ ಅಭಿಪ್ರಾಯ.

ಹಿಂಡಿದ ಮೀನಿಗೆ ಚಿಕ್ಕ ಈರುಳ್ಳಿ ಅರ್ಧ, ಎಷ್ಟು ಸಣ್ಣಗೆ ಹೆಚ್ಚಲು ಆಗುತ್ತದೋ ಅಷ್ಟು ಸಣ್ಣಗೆ. ಹಸಿಮೆಣಸು ಒಂದು. ಕೊತ್ತಂಬರಿ ಇದ್ದರೆ ಹಾಕಿ. ನಾಲ್ಕು ಹನಿ ನಿಂಬೆಹಣ್ಣು. ಅಲ್ಲಿನವರು ಮೇಯೊನೇಸ್ ಎರಡು ಮೂರು ಚಮಚ ಹಾಕುತ್ತಾರೆ, ನಾನು ಒಂದು ಚಮಚ ಮೇಯೊನೇಸ್, ಒಂದು ಚಮಚ ಗ್ರೀಕ್ ಮೊಸರು, ಅಂದರೆ ನೀರು ಬಸಿದ ಗಟ್ಟಿ ಮೊಸರು, ಹಾಕುತ್ತೇನೆ. ಮಾಮೂಲಿ ಮೊಸರು ಬೇಡ, ಮತ್ತೆ ನೀರೇ ಬಂತಲ್ಲ. ಸಿಹಿಜೋಳದ ಡಬ್ಬಿ ತೆರೆದಿದ್ದರೆ ಒಂದು ಹಿಡಿ, ಟ್ಯೂನಾ ಜೊತೆ ಸಿಹಿಜೋಳ ಇಂಗ್ಲೆಂಡಿನವರಿಗೆ ಬಹಳ ಇಷ್ಟ.

ಇನ್ನು ನಮ್ಮ ಮಲೆನಾಡಿನ ಪಾಲು. ಮನೆಯ ಕಾಳುಮೆಣಸು ತನ್ನಿ ಮಾರಾಯ್ರೇ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯ ಮೆಣಸು ಕಾಲು ಕಿಲೋ ಸೂಟ್‌ಕೇಸಿನ ಮೂಲೆಯಲ್ಲಿಟ್ಟರೆ ವರ್ಷ ಪೂರ್ತಿ ಬರುತ್ತದೆ, ಪುಡಿ ಮಾಡಿ ತರಬೇಡಿ, ಕಾಳಾಗಿಯೇ ತಂದು ಆಗಾಗ ಕುಟ್ಟಿಕೊಳ್ಳಿ. ಟ್ಯೂನಾಗೆ ಇದರಷ್ಟು ಹೊಂದುವ ಮಸಾಲೆ ಇನ್ನೊಂದಿಲ್ಲ. ಒಣಗಿಸಿದ ಜೀರಿಗೆ ಮೆಣಸು ಇದ್ದರೆ ಒಂದನ್ನು ನುರಿದು ಹಾಕಿ, ಎರಡು ಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಅರ್ಧ ಚಮಚ ಹಾಕಿ ಕಲಸಿದರೆ ನಿಂಬೆಹಣ್ಣೂ ಬೇಡ, ಮೀನಿನ ಹಸಿ ವಾಸನೆಯೂ ಅಡಗುತ್ತದೆ. ಅಂದಹಾಗೆ ಅಮ್ಮ ಕಟ್ಟಿಕೊಡುವ ತುಪ್ಪ, ಪೇಡ ಬೇಡ ಅನ್ನಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಬ್ರಿಟನ್ನಿಗೆ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಸುಡುವ ಬಗೆ. ಊರಿನ ಕಬ್ಬಿಣದ ಕಾವಲಿ ತಂದಿದ್ದರೆ ಅದರಷ್ಟು ಒಳ್ಳೆಯದಿಲ್ಲ. ಮನೆಯ ಒಲೆ ಇಂಡಕ್ಷನ್ ಆಗಿದ್ದರೂ ಕಬ್ಬಿಣ ನಡೆಯುತ್ತದೆ, ಅಲ್ಯೂಮಿನಿಯಮ್ ಕಾವಲಿ ನಡೆಯುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಸರಿ ಅಂತ ತಿಳಿಯಿರಿ. ಗ್ಯಾಸಿನ ಮೇಲೆ ಹಿಡಿದು ಸುಡುವ ನಮ್ಮ ಹಿಡಿಕೆಯ ಟೋಸ್ಟರ್ ತರಲೇಬೇಡಿ, ವಿದ್ಯಾರ್ಥಿಗಳ ಮನೆಯಲ್ಲಿ ಹೆಚ್ಚಾಗಿ ಕರೆಂಟಿನ ಒಲೆಯೇ ಇರುವುದು. ಬ್ರೆಡ್ಡಿನ ಹೊರಮೈಗೆ ಬೆಣ್ಣೆ ತೆಳ್ಳಗೆ ಸವರಿ. ಒಳಗೆ ಮೊದಲು ಅರ್ಧ ಚೀಸ್, ಮೇಲೆ ಮೀನು, ಅದರ ಮೇಲೆ ಉಳಿದ ಚೀಸ್, ಮತ್ತೆ ಬ್ರೆಡ್ಡು. ಚೀಸು ಎರಡೂ ಕಡೆ ಇದ್ದರೆ ಬ್ರೆಡ್ಡನ್ನು ಅಂಟಿಸಿ ಹಿಡಿಯುತ್ತದೆ, ಮಗುಚುವಾಗ ಮೀನು ಉದುರುವುದಿಲ್ಲ.

ಉರಿ ಸಣ್ಣ. ಜೋರು ಉರಿ ಇಟ್ಟರೆ ಬ್ರೆಡ್ಡು ಕರಕಲಾಗುತ್ತದೆ, ಚೀಸು ಒಳಗೆ ತಣ್ಣಗೆ ಕೂತಿರುತ್ತದೆ. ಸ್ಯಾಂಡ್‌ವಿಚ್ ಇಟ್ಟು ಮೇಲೆ ಮುಚ್ಚಳ ಮುಚ್ಚಿ, ಮೂರು ನಾಲ್ಕು ನಿಮಿಷ, ಸಟ್ಟುಗದಿಂದ ಮಗುಚಿ, ಸ್ವಲ್ಪ ಒತ್ತಿ, ಈ ಸಲ ಮುಚ್ಚಳ ಬೇಡ, ಮತ್ತೆ ಮೂರು ನಿಮಿಷ. ಮುಚ್ಚಳದ ಹಬೆಗೆ ಚೀಸ್ ಕರಗುತ್ತದೆ, ಎರಡನೇ ಸಲ ತೆರೆದಿಟ್ಟರೆ ಗರಿಗರಿ ಆಗುತ್ತದೆ. ಇಳಿಸಿ ಒಂದು ನಿಮಿಷ ಬಿಟ್ಟು ಕತ್ತರಿಸಿ, ಕರಗಿದ ಚೀಸ್ ನಾಲಿಗೆ ಸುಡುತ್ತದೆ.

ಓವನ್ನಿನಲ್ಲಿ ಗ್ರಿಲ್, ಅಂದರೆ ಮೇಲಿನಿಂದ ಕಾಯಿಸುವ ಭಾಗ, ಇದ್ದರೆ ಬ್ರೆಡ್ಡು ಮೊದಲು ಟೋಸ್ಟ್ ಮಾಡಿ, ಮೀನು ಹರಡಿ, ಮೇಲೆ ಚೀಸ್ ಉದುರಿಸಿ ಗ್ರಿಲ್ ಕೆಳಗೆ ಇಡಬಹುದು. ಎರಡು ಮೂರು ನಿಮಿಷದಲ್ಲಿ ಗುಳ್ಳೆ ಏಳುತ್ತದೆ. ಅಲ್ಲಿಂದ ಕದಲಬೇಡಿ. ಹೊಗೆ ಎದ್ದರೆ ಹಾಸ್ಟೆಲಿನ ಅಲಾರಾಂ ಹೊಡೆದು ಇಡೀ ಕಟ್ಟಡದವರು ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ. ಮೈಕ್ರೋವೇವ್‌ನಲ್ಲಿ ಬ್ರೆಡ್ಡು ಚರ್ಮದ ಥರ ಜಗ್ಗುತ್ತದೆ, ಬೇಡ. ನೆಟ್ಟಗೆ ಇಳಿಸುವ ಟೋಸ್ಟರಿಗೆ ಚೀಸ್ ಹಾಕಿದ ಬ್ರೆಡ್ಡು ಯಾವತ್ತೂ ಹಾಕಬಾರದು, ಬೆಂಕಿ ಹತ್ತುತ್ತದೆ.

ಹೊರಡುವ ಮೊದಲು ಊರಿನಲ್ಲೇ ಕೈ ಪಳಗಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗಸ್ಟ್‌ನಲ್ಲಿ ಮತ್ತೆ ಘಟ್ಟ ಹತ್ತಿ ಮೀನಿನ ಗಾಡಿ ಬರಲು ಶುರುವಾಗುತ್ತದೆ, ನಿಮ್ಮ ಪ್ರಯಾಣಕ್ಕೆ ಇನ್ನೂ ಒಂದು ತಿಂಗಳು ಇರುತ್ತದೆ. ಎರಡು ಬಂಗುಡೆ ತಂದು ಅರಿಶಿನ ಉಪ್ಪು ಹಾಕಿ ಬೇಯಿಸಿ, ಮುಳ್ಳು ತೆಗೆದು, ಹಿಂಡಿ, ಶಿವಮೊಗ್ಗದ ಬೇಕರಿ ಬ್ರೆಡ್ಡಿನಲ್ಲಿ ಇದೇ ರೀತಿ ಕಾವಲಿ ಮೇಲೆ ಮಾಡಿ ನೋಡಿ. ಉರಿ ಎಷ್ಟಿರಬೇಕು, ಎಷ್ಟು ಹೊತ್ತು ಅನ್ನುವುದು ಕೈಗೆ ಗೊತ್ತಾಗುವುದು ಮಾಡಿದಾಗಲೇ ಅಲ್ವಾ. ಅಮ್ಮನಿಗೂ ಒಂದು ಕೊಡಿ, ಅವರಿಗೆ ಧೈರ್ಯ ಬರುತ್ತದೆ.

ಮೀನು ತಿನ್ನದ ಮನೆಯವರು ಟ್ಯೂನಾ ಬದಲು ಕಾಬೂಲಿ ಕಡಲೆಯ ಡಬ್ಬಿ ತನ್ನಿ. ನೀರು ಬಸಿದು ಒರಟಾಗಿ ಜಜ್ಜಿ, ಉಳಿದದ್ದೆಲ್ಲ ಇದೇ. ಚೀಸ್ ಪ್ಯಾಕೆಟ್ಟಿನ ಮೇಲೆ ವೆಜಿಟೇರಿಯನ್ ಅಂತ ಬರೆದಿದೆಯಾ ನೋಡಿಕೊಳ್ಳಿ, ಕೆಲವು ಚೀಸುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲು ಒಡೆಸಿರುತ್ತಾರೆ. ಮೇಯೊನೇಸ್‌ನಲ್ಲಿ ಮೊಟ್ಟೆ ಇರುತ್ತದೆ, ಅದನ್ನು ಬಿಟ್ಟು ಮೊಸರೇ ಹಾಕಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ತೆರೆದ ಡಬ್ಬಿಯನ್ನು ಹಾಗೇ ಮೇಜಿನ ಮೇಲೆ ಬಿಡಬಾರದು. ಟ್ಯೂನಾ, ಬಂಗುಡೆಯಂಥ ಮೀನು ಬೆಚ್ಚಗಿನ ಜಾಗದಲ್ಲಿ ಕೂತರೆ ಹಿಸ್ಟಮಿನ್ ಅನ್ನುವ ವಸ್ತು ಬೆಳೆಯುತ್ತದೆ, ಮುಖ ಕೆಂಪಾಗಿ, ತಲೆ ಸಿಡಿದು, ಹೊಟ್ಟೆ ಕೆಡುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಉಳಿದದ್ದನ್ನು ಡಬ್ಬಿಯಿಂದ ಬೇರೆ ಪಾತ್ರೆಗೆ ತೆಗೆದು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ತಿಂದು ಮುಗಿಸಿ. ಗರ್ಭಿಣಿಯರು ವಾರಕ್ಕೆ ನಾಲ್ಕು ಡಬ್ಬಿಗಿಂತ ಜಾಸ್ತಿ ತಿನ್ನಬಾರದು ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುತ್ತದೆ, ಟ್ಯೂನಾದಲ್ಲಿ ಪಾದರಸದ ಅಂಶ ಇರುವುದೇ ಕಾರಣ.

ಮನೆಯಲ್ಲಿ ಮೀನು ತಿನ್ನದವರು ಜೊತೆಗಿದ್ದರೆ ಮೊದಲೇ ಮಾತಾಡಿಕೊಳ್ಳಿ. ಕಾವಲಿ, ಚಾಕು, ಪಾತ್ರೆ ತೊಳೆಯುವ ಸ್ಪಂಜು ನಿಮ್ಮದು ಬೇರೆ ಇಟ್ಟುಕೊಳ್ಳಿ, ಅಡುಗೆ ಮಾಡುವಾಗ ಕಿಟಕಿ ತೆರೆಯಿರಿ. ಖಾಲಿ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಮುಚ್ಚಳ ಒಳಕ್ಕೆ ಮಡಚಿ, ರೀಸೈಕಲ್ ಬುಟ್ಟಿಗೆ ಹಾಕಿ. ತೊಳೆಯದೆ ಎಸೆದರೆ ಮಾರನೇ ದಿನ ಇಡೀ ಮನೆ ನಾರುತ್ತದೆ.